ಹಳೆ ಪೈಪ್ ಸರಿಮಾಡುವುದು: ಮೊದಲು ಒಳಗೆ, ಆಮೇಲೆ ಹೊರಗೆ

ತಂಬಾಕು ಸೇದುವ ಹಳೆ ಪೈಪ್ ಕೈಗೆ ಸಿಕ್ಕ ಕೂಡಲೇ ಬಹಳ ಜನ ಅದನ್ನು ಹೊರಗಿನಿಂದ ಉಜ್ಜಲು ಕೂರುತ್ತಾರೆ. ಸಂಜೆ ಹೊತ್ತಿಗೆ ಪೈಪ್ ಫಳಫಳ ಹೊಳೆಯುತ್ತದೆ. ಹೊತ್ತಿಸಿದರೆ ಮಾತ್ರ ಅದೇ ಕಹಿ, ಅದೇ ಗೊರಗೊರ ಸದ್ದು. ಸ್ವಲ್ಪ ದಿನ ಕಳೆದರೆ ಬಾಯಲ್ಲಿ ಹಿಡಿಯುವ ಸ್ಟೆಮ್ ಕೂಡ ಮತ್ತೆ ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ. ಇಷ್ಟೆಲ್ಲ ಮಾಡಿದರೂ ಯಾಕೆ ಹೀಗೆ ಎಂದು ತಲೆ ಕೆರೆದುಕೊಳ್ಳುತ್ತಾರೆ.

ಬಹುಪಾಲು ಜನ ಎಡವುವುದು ಕೆಲಸದ ಕ್ರಮದಲ್ಲಿ. ಚೆನ್ನಾಗಿ ಬಳಸಿದ ಪೈಪಿನ ಮೇಲೆ ಮೂರು ಬಗೆಯ ಗುರುತುಗಳಿರುತ್ತವೆ. ಕೊಳೆ ಇರುತ್ತದೆ, ಅದನ್ನು ತೆಗೆಯಬೇಕು. ಹಾನಿ ಇರುತ್ತದೆ, ಅದನ್ನು ರಿಪೇರಿ ಮಾಡಬೇಕು, ಇಲ್ಲವೇ ಆ ಪೈಪನ್ನು ಕೈಬಿಡಬೇಕು. ಇನ್ನು ಬರೀ ವಯಸ್ಸಿನ ಗುರುತು ಇರುತ್ತದೆ: ಕಪ್ಪಾದ ಮರ, ಕೈ ತಾಗಿ ನುಣುಪಾದ ಬದಿ. ಅದರ ತಂಟೆಗೆ ಹೋಗಬಾರದು. ಯಾವುದು ಯಾವುದು ಅಂತ ಗೊತ್ತಾಗುವ ಮೊದಲೇ ಸ್ಯಾಂಡ್‌ಪೇಪರ್ ಹಿಡಿದರೆ ಉಳಿಸಬೇಕಾದದ್ದೇ ಮೊದಲು ಹೋಗುತ್ತದೆ.

ಇಲ್ಲಿ ಹೇಳುವ ಹಂತಗಳು ಬ್ರಯರ್ ಮರದ ಪೈಪಿಗೆ. ಮೀರ್‌ಶಾಮ್ ಎಂಬ ಖನಿಜದ ಮತ್ತು ಜೋಳದ ದಿಂಡಿನ ಪೈಪುಗಳ ರೀತಿಯೇ ಬೇರೆ, ಅವುಗಳ ಮಾತು ಕೊನೆಗೆ ಬರುತ್ತದೆ. ಭಾಗಗಳ ಹೆಸರು ಒಮ್ಮೆ ನೋಡಿಕೊಳ್ಳಿ. ತಂಬಾಕು ತುಂಬುವುದು ಬೌಲ್. ಅದರಿಂದ ಹೊರಡುವ ಮರದ ಕುತ್ತಿಗೆ ಶ್ಯಾಂಕ್. ಬಾಯಲ್ಲಿ ಹಿಡಿಯುವುದು ಸ್ಟೆಮ್. ಶ್ಯಾಂಕಿನೊಳಗೆ ಕೂರುವ ಸ್ಟೆಮ್‌ನ ಸಣ್ಣ ತುದಿ ಟೆನನ್. ಬೌಲ್ ತಳದಲ್ಲಿ ಗಾಳಿ ಬರುವ ಜಾಗವನ್ನು ಹೊಗೆ ತೂತು ಎನ್ನೋಣ.

ಮೊದಲೇ ಒಂದು ಮಾತು. ಪೈಪನ್ನು ಎಷ್ಟೇ ಚೊಕ್ಕ ಮಾಡಿದರೂ ತಂಬಾಕು ಬಾಯಿಗೆ, ಗಂಟಲಿಗೆ ಮಾಡುವ ಕೇಡು ಕಡಿಮೆಯಾಗುವುದಿಲ್ಲ. ಬರೀ ಸಂಗ್ರಹಕ್ಕೆ ಇಟ್ಟುಕೊಳ್ಳುವವರಿಗೂ ಈ ಕೆಲಸ ಇಷ್ಟೇ ಇದೆ. ಒಳಗಿನ ಜಿಡ್ಡು ಹಾಗೇ ಉಳಿದರೆ ಕಪಾಟು ತುಂಬ ಅದೇ ವಾಸನೆ.

ಬೇಕಾಗುವ ಸಾಮಾನು

ಪೈಪ್ ಕ್ಲೀನರ್‌ಗಳು (ನಾರು ಸುತ್ತಿದ ತೆಳ್ಳನೆ ತಂತಿಗಳು) ಒಂದು ದೊಡ್ಡ ಕಟ್ಟು ಇರಲಿ, ನೀವು ಎಣಿಸಿದ್ದಕ್ಕಿಂತ ಜಾಸ್ತಿಯೇ ಬೇಕಾಗುತ್ತವೆ. ಬೌಲ್ ಕೆರೆಯಲು ರೀಮರ್. ಅದಿಲ್ಲದಿದ್ದರೆ ದುಂಡನೆ ಮರದ ಕಡ್ಡಿಗೆ ಸುತ್ತಿದ ಒರಟು ಸ್ಯಾಂಡ್‌ಪೇಪರ್ ಸಾಕು. ತುದಿ ಮೊಂಡಾದ ಒಂದು ತೆಳ್ಳನೆ ಲೋಹದ ಕಡ್ಡಿ, ಕಿವಿಗೆ ಹಾಕುವ ಹತ್ತಿ ಕಡ್ಡಿಗಳು, ಹತ್ತಿ, ಹನಿ ಹಾಕುವ ಡ್ರಾಪರ್. 400, 600, 1000, 2000 ನಂಬರಿನ ನೀರಿನಲ್ಲಿ ಉಜ್ಜುವ ಸ್ಯಾಂಡ್‌ಪೇಪರ್. ಪ್ಲಾಸ್ಟಿಕ್ ಪಾಲಿಶ್. ಕೊನೆಗೆ ಕಾರ್ನೌಬಾ ಮೇಣ. ಸಣ್ಣ ಟಾರ್ಚ್ ಒಂದನ್ನು ಮಾತ್ರ ಮರೆಯಬೇಡಿ.

ಆಲ್ಕೋಹಾಲ್ ಬಗ್ಗೆ ಹುಷಾರು. ಶುದ್ಧ ಐಸೊಪ್ರೊಪೈಲ್ ಆಲ್ಕೋಹಾಲ್ ಆಗುತ್ತದೆ, ಕುಡಿಯಲು ಯೋಗ್ಯವಾದ ತೀಕ್ಷ್ಣ ಆಲ್ಕೋಹಾಲ್ ಕೂಡ ಆಗುತ್ತದೆ. ಮರದ ಪಾಲಿಶ್‌ಗೆ, ಸ್ಟವ್‌ಗೆ ಬಳಸುವ ಡಿನೇಚರ್ಡ್ ಸ್ಪಿರಿಟ್ ಬೇಡವೇ ಬೇಡ. ಅದರಲ್ಲಿ ಮೆಥನಾಲ್‌ನಂಥ ವಿಷ ಬೆರೆಸಿರುತ್ತಾರೆ, ಇದು ಬಾಯಿಗಿಡುವ ವಸ್ತು. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಕೈಗವಸು ಹಾಕಿಕೊಳ್ಳಿ. ಹೊರಬರುವ ಕಂದು ರಸದಲ್ಲಿ ನಿಕೋಟಿನ್ ಇರುತ್ತದೆ, ಅದು ಚರ್ಮದ ಮೂಲಕವೂ ಒಳಗಿಳಿಯುತ್ತದೆ. ಒಣದಾಗಿ ಕೆರೆಯುವಾಗ, ಉಜ್ಜುವಾಗ ಮಾಸ್ಕ್ ಇರಲಿ.

ಹಂತ 1: ಸುಮ್ನೆ ನೋಡಿ

ಬಿಸಿಲಿನಲ್ಲಿ ಅಥವಾ ಒಳ್ಳೆ ದೀಪದ ಕೆಳಗೆ ಪೈಪನ್ನು ನಿಧಾನ ತಿರುಗಿಸಿ. ಬೌಲ್ ಹೊರಗೆ ಒಂದೇ ಕಡೆ ಕಪ್ಪು ಮಚ್ಚೆ ಇದೆಯೇ? ಅದರ ಮೇಲಿನ ಪಾಲಿಶ್ ಗುಳ್ಳೆ ಎದ್ದಿದೆಯೇ? ಶ್ಯಾಂಕಿನ ಬಾಯಿಯಿಂದ ಬೌಲ್ ಕಡೆಗೆ ಕೂದಲೆಳೆಯಂಥ ಗೆರೆ ಓಡಿದೆಯೇ? ಅಂಚು ಸುಟ್ಟಿದೆಯೇ, ಬಡಿದು ಬಡಿದು ದುಂಡಗಾಗಿದೆಯೇ?

ಮರದ ಮೇಲೆ ಅಲ್ಲಲ್ಲಿ ಕಾಣುವ ಸಣ್ಣ ತಿಳಿ ಚುಕ್ಕೆಗಳಿಗೆ ಗಾಬರಿ ಬೇಡ. ಮಾಡುವಾಗಲೇ ಬ್ರಯರ್‌ನ ಸಣ್ಣ ಗುಳಿಗಳಿಗೆ ತುಂಬಿದ ಪುಟ್ಟಿ ಅದು. ಸುತ್ತಲಿನ ಮರ ವರ್ಷಗಳು ಕಳೆದಂತೆ ಕಪ್ಪಾಗುತ್ತದೆ, ಪುಟ್ಟಿ ಆಗುವುದಿಲ್ಲ. ಹಾಗಾಗಿ ಎದ್ದು ಕಾಣುತ್ತದೆ. ಕಿತ್ತು ಬರುತ್ತಿಲ್ಲವಾದರೆ ಕೈಹಾಕಬೇಡಿ.

ಹಂತ 2: ಸ್ಟೆಮ್ ಬಿಚ್ಚುವುದು

ಪೈಪ್ ಪೂರ್ತಿ ತಣ್ಣಗಿರಬೇಕು. ಬೆಚ್ಚಗಿರುವಾಗ ಎಳೆದರೆ ಟೆನನ್ ಮುರಿಯುತ್ತದೆ ಅಥವಾ ಶ್ಯಾಂಕ್ ಸೀಳುತ್ತದೆ. ಶ್ಯಾಂಕಿನ ಬಿರುಕುಗಳಲ್ಲಿ ದೊಡ್ಡ ಪಾಲು ಇದೇ ಅವಸರದ ಫಲ. ಬೌಲನ್ನು ಹಿಡಿದು ತಿರುಗಿಸಬೇಡಿ, ಶ್ಯಾಂಕನ್ನೇ ಮುಷ್ಟಿಯಲ್ಲಿ ಹಿಡಿಯಿರಿ. ಸ್ಟೆಮನ್ನು ಒಂದೇ ದಿಕ್ಕಿಗೆ ತಿರುವುತ್ತ ಮೆಲ್ಲಗೆ ಎಳೆಯಿರಿ. ಅತ್ತ ಇತ್ತ ಅಲ್ಲಾಡಿಸಬಾರದು.

ಬಿಗಿದುಕೊಂಡಿದ್ದರೆ ಅರ್ಧ ಗಂಟೆ ಫ್ರೀಜರ್‌ನಲ್ಲಿಡಿ. ಟೆನನ್ ಕುಗ್ಗುತ್ತದೆ, ಒಣಗಿದ ಜಿಡ್ಡಿನ ಹಿಡಿತ ಬಿಡುತ್ತದೆ. ಹೊರತೆಗೆದ ಕೂಡಲೇ ತಿರುವಿ ನೋಡಿ. ಆದರೂ ಬಾರದಿದ್ದರೆ ಶ್ಯಾಂಕ್ ಕೆಳಮುಖ ಮಾಡಿ ಬೌಲ್ ತಳದ ಹೊಗೆ ತೂತಿಗೆ ಕೆಲವು ಹನಿ ಆಲ್ಕೋಹಾಲ್ ಬಿಟ್ಟು, ಒಂದು ರಾತ್ರಿ ಹಾಗೇ ಬಿಡಿ. ಇಕ್ಕಳ ಹಾಕುವ ಯೋಚನೆ ಬಂದರೆ ಪೈಪನ್ನು ಕೆಳಗಿಟ್ಟು ಎದ್ದು ಹೋಗಿ.

ಹಂತ 3: ಕೇಕ್ ಕೆರೆಯುವುದು

ಬೌಲ್ ಒಳಗೋಡೆಗೆ ಕಟ್ಟಿದ ಗಟ್ಟಿ ಇದ್ದಿಲ ಪದರವೇ ಕೇಕ್. ಅದು ಇರಬೇಕು, ಮರವನ್ನು ಬೆಂಕಿಯಿಂದ ಕಾಯುವುದು ಅದೇ. ಆದರೆ 1ರಿಂದ 1.5 ಮಿಲಿಮೀಟರ್ ಸಾಕು. ಅದಕ್ಕಿಂತ ದಪ್ಪವಾದರೆ ತೊಂದರೆ ಶುರು. ಬಿಸಿಯಾದಾಗ ಕೇಕ್ ಮತ್ತು ಮರ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ, ದಪ್ಪ ಕೇಕ್ ಒಳಗಿನಿಂದ ಒತ್ತಿ ಬೌಲನ್ನೇ ಸೀಳಬಲ್ಲದು.

ಹಳೆ ಪೈಪುಗಳಲ್ಲಿ ಕೇಕ್ ಸಮವಾಗಿರುವುದು ಅಪರೂಪ. ಮೇಲೆ ದಪ್ಪ, ಕೆಳಗೆ ತೆಳು. ಬೌಲ್ ತುಂಬ ಸೇದದೆ ಅರ್ಧಕ್ಕೇ ಬಿಡುವವರ ಪೈಪ್ ಹೀಗಾಗುತ್ತದೆ. ಆದ್ದರಿಂದ ರೀಮರನ್ನು ಒಮ್ಮೆಗೇ ತಳಕ್ಕೆ ತುರುಕಬೇಡಿ. ಸಣ್ಣ ಅಳತೆಯ ತಲೆಯಿಂದ ಶುರುಮಾಡಿ, ಒತ್ತಡ ಹಾಕದೆ ತಿರುಗಿಸಿ, ಪದೇ ಪದೇ ಪುಡಿ ಸುರಿದು ನೋಡಿ. ಕೆರೆಯುವ ಸದ್ದಿಗೆ ಕಿವಿ ಕೊಡಿ. ಕೇಕ್ ಕರಕರ ಎನ್ನುತ್ತದೆ. ಮರ ತಾಗಿದ ಕೂಡಲೇ ಸದ್ದು ಮೆತ್ತಗಾಗುತ್ತದೆ, ಕಪ್ಪು ಪುಡಿಯ ನಡುವೆ ಕಂದು ಪುಡಿ ಕಾಣುತ್ತದೆ. ಅಲ್ಲಿಗೆ ನಿಲ್ಲಿಸಿ.

ಇಲ್ಲಿ ಎರಡು ತಪ್ಪು ಸಾಮಾನ್ಯ. ಮೊದಲನೆಯದು ಚಾಕು. ಅದರ ತುದಿ ಗೋಡೆಯಲ್ಲಿ ಗೀರು ಮಾಡುತ್ತದೆ, ಆ ಗೀರಿನಲ್ಲೇ ಮುಂದೆ ಮರ ಸುಡುತ್ತದೆ. ದುಂಡಗಿದ್ದ ಬೌಲ್ ಕೋಳಿಮೊಟ್ಟೆಯ ಆಕಾರಕ್ಕೆ ಬರುವುದೂ ಚಾಕುವಿನಿಂದಲೇ. ಎರಡನೆಯದು ತಳವನ್ನು ಅತಿಯಾಗಿ ಕೆರೆಯುವುದು. ಹೊಗೆ ತೂತಿಗಿಂತ ತಳ ಕೆಳಗಿಳಿದರೆ ಅಲ್ಲೊಂದು ಗುಂಡಿ ಬೀಳುತ್ತದೆ, ನೀರು ಅಲ್ಲೇ ನಿಲ್ಲುತ್ತದೆ, ಗೊರಗೊರ ಸದ್ದು ಖಾಯಂ. ಗುಂಡಿ ಈಗಾಗಲೇ ಬಿದ್ದಿದ್ದರೆ ನುಣ್ಣನೆ ಬೂದಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ತುಂಬಿ. ತುಂಬುವಾಗ ಹೊಗೆ ತೂತಿನಲ್ಲಿ ಪೈಪ್ ಕ್ಲೀನರ್ ಇರಲಿ, ಇಲ್ಲದಿದ್ದರೆ ತೂತೇ ಮುಚ್ಚಿಹೋಗುತ್ತದೆ. ಇದನ್ನು ಮಾತ್ರ ಈಗ ಮಾಡಬೇಡಿ, ಹಂತ 5 ಮತ್ತು 6 ಮುಗಿದ ಮೇಲೆ ಮಾಡಿ.

ಹಂತ 4: ಬರಿಯ ಗೋಡೆ ಏನು ಹೇಳುತ್ತದೆ

ಎಲ್ಲ ಹಂತಗಳಲ್ಲಿ ಜನ ಬಿಟ್ಟುಬಿಡುವುದು ಇದನ್ನೇ. ಪೈಪ್ ಉಳಿಯುತ್ತದೋ ಇಲ್ಲವೋ ಎಂದು ಗೊತ್ತಾಗುವುದು ಮಾತ್ರ ಇಲ್ಲಿಯೇ.

ಹದವಾದ ಒಂದು ಪದರ ಬಿಟ್ಟರೆ ಸಾಕು ಎಂದೆನಲ್ಲ, ಅದು ನೀವೇ ಸೇದಿದ ಪೈಪಿಗೆ. ಬೇರೆಯವರ ಕೈಯಿಂದ ಬಂದದ್ದಾದರೆ ಒಮ್ಮೆ ಪೂರ್ತಿ ಮರದವರೆಗೆ ಕೆರೆದು ನೋಡುವುದೇ ಒಳ್ಳೆಯದು. ಕೇಕ್ ಅಡಿಯಲ್ಲಿ ಏನಿದೆ ಎಂದು ಬೇರೆ ದಾರಿಯಲ್ಲಿ ತಿಳಿಯುವುದಿಲ್ಲ.

ಟಾರ್ಚ್ ಹಿಡಿದು ಲೋಹದ ಕಡ್ಡಿಯ ತುದಿಯಿಂದ ಗೋಡೆಯ ಸುತ್ತ ಮೆಲ್ಲಗೆ ಒತ್ತುತ್ತ ಬನ್ನಿ. ಗಟ್ಟಿ ಮರ ಕಡ್ಡಿಯನ್ನು ಹಿಂದಕ್ಕೆ ತಳ್ಳುತ್ತದೆ, ಟಕ್ ಎನ್ನುತ್ತದೆ. ಕಡ್ಡಿ ಒಳಗಿಳಿದು ಕಪ್ಪು ಪುಡಿ ಉದುರಿದರೆ ಅಲ್ಲಿ ಮರ ಇದ್ದಿಲಾಗಿದೆ. ಅದೇ ಜಾಗದ ಹೊರಗೋಡೆ ನೋಡಿ. ಅಲ್ಲಿಯೂ ಕಪ್ಪು ಮಚ್ಚೆಯಿದ್ದರೆ ಬೆಂಕಿ ಮರವನ್ನು ಕೊರೆದು ಹೊರಗೆ ಬರುತ್ತಿದೆ. ಸೇದುತ್ತಿರುವ ಪೈಪಿನಲ್ಲಾದರೆ ಬೌಲ್‌ನ ಒಂದು ಜಾಗ ಮಾತ್ರ ಬೆರಳಿಗೆ ಸುಡುವಷ್ಟು ಬಿಸಿಯಾಗುವುದು ಇದರ ಮೊದಲ ಸೂಚನೆ. ಇಂಥ ಪೈಪನ್ನು ಪ್ರದರ್ಶನಕ್ಕೆ ಇಡಬಹುದು, ಸೇದಲು ಬೇಡ. ಯಾವ್ಯಾವುದೋ ಅಂಟು ತುಂಬಿ ಬಳಸುವವರಿದ್ದಾರೆ. ಬೆಂಕಿ ಹೊತ್ತಿಸಿ ಹೊಗೆ ಎಳೆಯುವ ಜಾಗದಲ್ಲಿ ಅಂಟು ಇರುವುದು ನನಗಂತೂ ಒಪ್ಪಿಗೆಯಿಲ್ಲ.

ಒಣ ಕೆರೆಯ ತಳದಂತೆ ಬರೀ ಮೇಲ್ಮೈಯಲ್ಲಿ ಬಿರುಕು ಬಿಟ್ಟಿದ್ದರೆ, ಕಡ್ಡಿ ಒಳಗಿಳಿಯದಿದ್ದರೆ, ಅಷ್ಟು ಚಿಂತೆಯಿಲ್ಲ. ಆಕ್ಟಿವೇಟೆಡ್ ಚಾರ್ಕೋಲ್ ಪುಡಿಯನ್ನು ಗಟ್ಟಿ ಮೊಸರಿನಲ್ಲಿ ಕಲಸಿ ಒಳಗೋಡೆಗೆ ತೆಳ್ಳಗೆ ಬಳಿಯುವ ಪದ್ಧತಿ ಇದೆ. ಒಣಗಿದ ಮೇಲೆ ಮೊಸರಿನ ವಾಸನೆ, ರುಚಿ ಏನೂ ಉಳಿಯುವುದಿಲ್ಲ. ಹೊಸ ಕೇಕ್ ಕಟ್ಟುವವರೆಗೆ ಅದು ಮರವನ್ನು ಕಾಯುತ್ತದೆ. ಒಂದೆರಡು ದಿನ ಚೆನ್ನಾಗಿ ಒಣಗಲಿ. ಇದೂ ಹಂತ 6ರ ಆಮೇಲಿನ ಕೆಲಸ, ಮೊದಲೇ ಬಳಿದರೆ ಆಲ್ಕೋಹಾಲ್ ತೊಳೆದುಹಾಕುತ್ತದೆ.

ಶ್ಯಾಂಕಿನಲ್ಲಿ ಬಿರುಕಿದ್ದರೆ ಇಲ್ಲೇ ತೀರ್ಮಾನಿಸಿ. ಬಿರುಕಿನ ಕೊನೆಯಲ್ಲಿ ಬಹಳ ಸಣ್ಣ ತೂತು ಕೊರೆದರೆ ಅದು ಮುಂದಕ್ಕೆ ಓಡುವುದು ನಿಲ್ಲುತ್ತದೆ. ಆಮೇಲೆ ಹೊರಗಿನಿಂದ ಅಂಟು ಹಾಕಿ ಶ್ಯಾಂಕಿನ ಬಾಯಿಗೆ ಲೋಹದ ಉಂಗುರ ಬಿಗಿಯುತ್ತಾರೆ. ಕೈ ಪಳಗದವರು ರಿಪೇರಿ ಮಾಡುವವರಿಗೆ ಕೊಡುವುದೇ ಲೇಸು. ಕೊಡುವವರೆಗೆ ಸ್ಟೆಮ್ ತುರುಕಬೇಡಿ, ಪ್ರತಿ ಸಲವೂ ಬಿರುಕು ಇನ್ನಷ್ಟು ಬಾಯಿಬಿಡುತ್ತದೆ.

ಹಂತ 5: ಶ್ಯಾಂಕ್ ಮತ್ತು ಗಾಳಿದಾರಿ

ಹಳೆ ಪೈಪಿನ ಹುಳಿ ವಾಸನೆ ಕೂತಿರುವುದು ಬೌಲ್‌ನಲ್ಲಿ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅದಕ್ಕಿಂತ ಹೆಚ್ಚು ಇರುವುದು ಶ್ಯಾಂಕಿನೊಳಗೆ, ಟೆನನ್ ಮುಗಿಯುವಲ್ಲಿ. ಟೆನನ್ ತುದಿಗೂ ಮರದ ಗೋಡೆಗೂ ನಡುವೆ ಸಣ್ಣ ಜಾಗ ಉಳಿದಿರುತ್ತದೆ. ಹೊಗೆಯ ನೀರು ಅಲ್ಲಿ ತಣಿದು ನಿಂತು ಡಾಂಬರಿನಂತೆ ಗಟ್ಟಿಯಾಗುತ್ತದೆ.

ಮೊದಲು ಮೊಂಡು ಕಡ್ಡಿಯಿಂದ ಆ ಉಂಗುರದಂಥ ಜಿಡ್ಡನ್ನು ಕೆರೆದು ತೆಗೆಯಿರಿ. ಆಮೇಲೆ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿ ಕಡ್ಡಿ, ಅದರ ಹಿಂದೆ ಪೈಪ್ ಕ್ಲೀನರ್. ಅದ್ದಿ, ಹಿಂಡಿ, ತೂರಿಸಿ. ಮೊದಲನೆಯದು ಕಪ್ಪಾಗಿ ಬರುತ್ತದೆ, ಮುಂದಿನವು ಕಡುಕಂದು, ಆಮೇಲೆ ಚಹಾ ಬಣ್ಣ. ಇಲ್ಲಿಗೇ ಸಾಕು ಎಂದು ಬಹಳ ಜನ ಬಿಡುತ್ತಾರೆ. ಹತ್ತು ನಿಮಿಷ ಬಿಟ್ಟು ಮತ್ತೊಂದು ಹಾಕಿ ನೋಡಿ, ಮತ್ತೆ ಕಪ್ಪು! ಒಳಗಿನ ಜಿಡ್ಡು ಈಗಷ್ಟೇ ಕರಗಿರುತ್ತದೆ. ಕ್ಲೀನರ್ ಹೆಚ್ಚುಕಮ್ಮಿ ಬಿಳಿಯಾಗಿ ಬರುವವರೆಗೆ ಬಿಡಬೇಡಿ.

ಸ್ಟೆಮ್ ಒಳಗೂ ಇದೇ ಕೆಲಸ. ಅಕ್ರಿಲಿಕ್ ಪ್ಲಾಸ್ಟಿಕ್‌ನ ಸ್ಟೆಮ್ ಆದರೆ (ಗುರುತಿಸುವುದು ಹೇಗೆಂದು ಹಂತ 8ರಲ್ಲಿದೆ) ಆಲ್ಕೋಹಾಲ್ ಬೇಡ, ಅದರಲ್ಲಿ ಸೂಕ್ಷ್ಮ ಬಿರುಕು ಏಳುತ್ತದೆ. ಸೋಪು ನೀರು ಸಾಕು. ಬಾಯಿತುದಿಯ ಸೀಳಿನ ಎರಡು ಮೂಲೆಗಳಿಗೆ ಮಡಚಿದ ಕ್ಲೀನರ್ ಹಾಕಿ, ನೇರವಾದದ್ದು ಅಲ್ಲಿಗೆ ತಲುಪುವುದಿಲ್ಲ.

ಹಂತ 6: ಹಟಮಾರಿ ವಾಸನೆ

ಇಷ್ಟಾದ ಮೇಲೂ ಮೂಗಿಗೆ ಹಳೆ ತಂಬಾಕು ಬಡಿದರೆ ಮಾತ್ರ ಈ ಹಂತ. ಬೌಲ್ ತುಂಬ ಹತ್ತಿ ಇಡಿ. ಶ್ಯಾಂಕಿಗೆ ಹತ್ತಿಯ ಬತ್ತಿ ಹೊಸೆದು ಸೇರಿಸಿ. ಶ್ಯಾಂಕಿನ ಬಾಯಿ ಬೌಲ್ ಅಂಚಿನ ಮಟ್ಟಕ್ಕೆ ಬರುವಂತೆ ಪೈಪನ್ನು ಓರೆಯಾಗಿ ನಿಲ್ಲಿಸಿ. ಡ್ರಾಪರ್‌ನಿಂದ ಹತ್ತಿ ತೋಯುವಷ್ಟು ಆಲ್ಕೋಹಾಲ್ ಬಿಡಿ, ಅಂಚು ದಾಟಬಾರದು. ರಾತ್ರಿಯೆಲ್ಲ ಇಟ್ಟರೆ ಬೆಳಿಗ್ಗೆ ಬಿಳಿ ಹತ್ತಿ ಕಂದಾಗಿರುತ್ತದೆ. ಮರದೊಳಗಿದ್ದದ್ದು ಹತ್ತಿಗೆ ಬಂದಿದೆ ಎಂದರ್ಥ. ತೀರಾ ಕಪ್ಪಾಗಿದ್ದರೆ ಇನ್ನೊಮ್ಮೆ ಮಾಡಿ.

ಹತ್ತಿಯ ಬದಲು ಉಪ್ಪು ಹಾಕುವವರೂ ಇದ್ದಾರೆ. ಅದೂ ಎಳೆಯುತ್ತದೆ. ಆದರೆ ಶ್ಯಾಂಕಿಗೆ ಉಪ್ಪು ಸೇರಿದರೆ ಪೂರ್ತಿ ತೆಗೆಯುವುದು ಕಷ್ಟ, ಅದರಿಂದ ಶ್ಯಾಂಕ್ ಸೀಳಿತು ಎನ್ನುವ ದೂರೂ ಇದೆ. ಹತ್ತಿಯಿಂದಲೇ ಕೆಲಸ ಆಗುವಾಗ ಅದರ ಗೊಡವೆ ಯಾಕೆ?

ಆಲ್ಕೋಹಾಲ್ ಹೊರಗೋಡೆಗೆ ಹರಿದರೆ ಬಣ್ಣ, ಪಾಲಿಶ್ ಎರಡೂ ಎದ್ದುಬರುತ್ತವೆ. ಹನಿ ಬಿದ್ದ ಕ್ಷಣವೇ ಒತ್ತಿ ಒರೆಸಿ, ಉಜ್ಜಬೇಡಿ. ಮುಗಿದ ಮೇಲೆ ಹಲವು ದಿನ ಗಾಳಿಯಾಡುವ ಜಾಗದಲ್ಲಿ ಒಣಗಲಿ, ಬಿಸಿಲು ಬೇಡ. ಆಲ್ಕೋಹಾಲ್ ವಾಸನೆ ಇರುವವರೆಗೆ ಬೆಂಕಿ ತೋರಿಸಲೇಬಾರದು.

ಹಂತ 7: ಅಂಚು ಮತ್ತು ಹೊರಮೈ

ಅಂಚಿನ ಮೇಲಿನ ಕಪ್ಪು ಎರಡು ಬಗೆ. ಒಂದು ಹೊಗೆಯ ಜಿಡ್ಡು ಕಟ್ಟಿದ್ದು. ಒದ್ದೆ ಬಟ್ಟೆಯಿಂದ ತಾಳ್ಮೆಯಿಂದ ಉಜ್ಜಿದರೆ ಬಿಡುತ್ತದೆ. ಎಂಜಲು ಹಚ್ಚಿ ಉಜ್ಜುವುದು ಹಳಬರ ಉಪಾಯ, ಕೇಳಲು ಹೇಸಿಗೆ ಅನಿಸಿದರೂ ಕೆಲಸ ಮಾಡುತ್ತದೆ. ನಿಮ್ಮದೇ ಪೈಪಿಗೆ ಮಾತ್ರ! ಇನ್ನೊಂದು ಲೈಟರ್ ಜ್ವಾಲೆಗೆ ಮರವೇ ಸುಟ್ಟದ್ದು. ಎಷ್ಟು ಉಜ್ಜಿದರೂ ಕಪ್ಪಾಗಿಯೇ ಉಳಿದರೆ ಅದು ಸುಟ್ಟ ಮರ.

ಸುಟ್ಟದ್ದನ್ನು ತೆಗೆಯಲು ಸಮತಟ್ಟಾದ ಹಲಗೆಯ ಮೇಲೆ 220 ನಂಬರಿನ ಸ್ಯಾಂಡ್‌ಪೇಪರ್ ಹಾಸಿ, ಬೌಲನ್ನು ಬೋರಲು ಹಿಡಿದು ವೃತ್ತಾಕಾರವಾಗಿ ತಿರುಗಿಸುತ್ತಾರೆ. ಇದು ಕೊನೆಯ ಉಪಾಯ. ತೆಗೆದ ಎತ್ತರ ಮತ್ತೆ ಬರುವುದಿಲ್ಲ, ಪೈಪಿನ ಆಕಾರವೇ ಬದಲಾಗುತ್ತದೆ. ಸ್ವಲ್ಪ ಕಪ್ಪು ಉಳಿದರೆ ಉಳಿಯಲಿ. ಮೈಯೆಲ್ಲ ಒರಟು ಕೆತ್ತನೆಯಿರುವ, ಮರಳು ಸಿಡಿಸಿ ಮಾಡಿದ ಪೈಪುಗಳಿಗೆ ಸ್ಯಾಂಡ್‌ಪೇಪರ್ ಸೋಕಿಸಲೇಬೇಡಿ, ಮೆತ್ತನೆ ಬ್ರಶ್ ಸಾಕು.

ಹೊರಮೈಗೆ ಸೌಮ್ಯ ಸೋಪಿನ ಒದ್ದೆ ಬಟ್ಟೆ, ಕೂಡಲೇ ಒಣ ಬಟ್ಟೆ. ನೀರಿನಲ್ಲಿ ಮುಳುಗಿಸಬಾರದು. ಮರ ತಗ್ಗಾಗಿದ್ದರೆ, ಅಂದರೆ ನಾರು ಹರಿಯದೆ ಬರೀ ಒತ್ತಿಹೋಗಿದ್ದರೆ, ಒದ್ದೆ ಬಟ್ಟೆ ಇಟ್ಟು ಅದರ ಮೇಲೆ ಕಾಯಿಸಿದ ಚಮಚದ ಬೆನ್ನು ಒತ್ತಿ. ಹಬೆಗೆ ಮರ ಉಬ್ಬಿ ಮೇಲೆ ಬರುತ್ತದೆ.

ಹಂತ 8: ಸ್ಟೆಮ್

ಮೊದಲು ಯಾವ ವಸ್ತು ಎಂದು ತಿಳಿಯಿರಿ. ಹಸಿರು ಕಂದಾಗಿದ್ದು, ಬೆರಳಿನಿಂದ ಉಜ್ಜಿದಾಗ ಗಂಧಕದ ವಾಸನೆ ಬಂದರೆ ವಲ್ಕನೈಟ್. ಅದು ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಬೆಳಕು, ಗಾಳಿ, ತೇವ ತಾಗಿ ಮೇಲ್ಪದರ ಕೆಡುತ್ತದೆ. ಎಷ್ಟು ಹಳೆಯದಾದರೂ ಬಣ್ಣ ಕೆಡದೆ, ಹಲ್ಲಿಗೆ ಗಟ್ಟಿಯಾಗಿ ತಾಗಿದರೆ ಅಕ್ರಿಲಿಕ್. ಮುಂದೆ ಹೇಳುವ ಬಿಸಿನೀರಿನ ಕೆಲಸ ವಲ್ಕನೈಟ್‌ಗೆ ಮಾತ್ರ.

ಉಜ್ಜುವ ಮೊದಲು ಹಲ್ಲಿನ ಗುರುತು ಎಬ್ಬಿಸಿ. ಗಾಳಿದಾರಿಯಲ್ಲಿ ಪೈಪ್ ಕ್ಲೀನರ್ ಹಾಕಿ, ಬಾಯಿತುದಿಯನ್ನು ಮಾತ್ರ ಕುದಿಯುವ ಹಂತದ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ. ವಲ್ಕನೈಟ್‌ಗೆ ಹಳೆ ಆಕಾರದ ನೆನಪು ಇರುತ್ತದೆ. ಹಲ್ಲೂರಿದ ತಗ್ಗು ಮೆಲ್ಲಗೆ ಮೇಲೇಳುವುದು ಕಣ್ಣಿಗೇ ಕಾಣುತ್ತದೆ. ಇದೇ ಕಾರಣಕ್ಕೆ ಬಾಗಿದ ಸ್ಟೆಮನ್ನು ಪೂರ್ತಿ ಮುಳುಗಿಸಿದರೆ ಅದು ನೆಟ್ಟಗಾಗಿಬಿಡುತ್ತದೆ! ತುದಿ ಮಾತ್ರ ಎಂದದ್ದು ಅದಕ್ಕೇ. ಬಿಸಿನೀರಿಗೆ ಬಣ್ಣ ಇನ್ನಷ್ಟು ಕೆಡುತ್ತದೆ, ಹೆದರಬೇಡಿ, ಮುಂದೆ ಅದನ್ನೇ ತೆಗೆಯುವುದು.

ಈಗ 600ರಿಂದ ಶುರುಮಾಡಿ ನೀರು ಹಾಕುತ್ತ ಉಜ್ಜಿ. ಆಳದ ಗೀರಿದ್ದರೆ ಮಾತ್ರ 400. ಆಮೇಲೆ 1000, 2000, ಕೊನೆಗೆ ಪಾಲಿಶ್. ಒಂದು ನಂಬರ್ ಹಾರಿಸಿದರೆ ಅದರ ಹಿಂದಿನ ಗೀರುಗಳು ಪಾಲಿಶ್ ಆದಮೇಲೆ ಎದ್ದು ಕಾಣುತ್ತವೆ. ಒದ್ದೆಯಿರುವಾಗ ಎಂಥ ಸ್ಟೆಮ್ ಕೂಡ ಕಡುಗಪ್ಪಾಗಿ ಕಾಣುತ್ತದೆ, ಅದನ್ನು ನಂಬಬೇಡಿ. ಒರೆಸಿ ಒಣಗಿಸಿ, ದೀಪಕ್ಕೆ ಓರೆಯಾಗಿ ಹಿಡಿದು ನೋಡಿ. ಕಂದು ಛಾಯೆ ಇನ್ನೂ ಇದ್ದರೆ ಅದೇ ನಂಬರಿಗೆ ವಾಪಸ್. ಮೇಲೆ ಪಾಲಿಶ್ ಹಾಕಿ ಮುಚ್ಚಿದ ಕಂದು ಬಣ್ಣವೇ ಸ್ವಲ್ಪ ದಿನದಲ್ಲಿ ಮತ್ತೆ ಮೇಲೆ ಬರುವುದು.

ಇನ್ನೊಂದು ಮುಖ್ಯ ಎಚ್ಚರಿಕೆ. ಸ್ಟೆಮ್ ಮತ್ತು ಶ್ಯಾಂಕ್ ಕೂಡುವ ಅಂಚನ್ನು ಬಿಡಿಯಾಗಿ ಉಜ್ಜಿದರೆ ಅದು ದುಂಡಗಾಗುತ್ತದೆ. ಆಮೇಲೆ ಎಷ್ಟು ಒತ್ತಿ ಕೂರಿಸಿದರೂ ನಡುವೆ ಸಂದು ಕಾಣುತ್ತದೆ. ಪ್ಲಾಸ್ಟಿಕ್ ಹಾಳೆಯಿಂದ ಸಣ್ಣ ಬಿಲ್ಲೆ ಕತ್ತರಿಸಿ, ನಡುವೆ ತೂತು ಮಾಡಿ, ಟೆನನ್‌ಗೆ ತೂರಿಸಿ, ಅದರ ಅಂಚಿನವರೆಗೆ ಮಾತ್ರ ಉಜ್ಜಿ. ಸ್ಟೆಮ್ ಮೇಲೆ ತಯಾರಕರ ಗುರುತಿದ್ದರೆ ಅದರ ಸುತ್ತ ಬಿಟ್ಟು ಉಜ್ಜಿ. ಬ್ಲೀಚ್‌ನಲ್ಲಿ ನೆನೆಹಾಕುವ ಸುಲಭದ ದಾರಿ ಹಿಡಿಯಬೇಡಿ, ಬಣ್ಣ ಹೋಗುತ್ತದೆ, ಜೊತೆಗೆ ಮೇಲ್ಮೈಯೆಲ್ಲ ಸಣ್ಣ ಸಣ್ಣ ಗುಳಿ.

ಹಂತ 9: ಬಿಗಿತ ನೋಡುವುದು

ಬೇರೆ ಎಲ್ಲ ಮುಗಿದ ಮೇಲೆಯೇ ಇದು. ಜಿಡ್ಡು ಹೋದಾಗ ಸ್ಟೆಮ್ ಸಡಿಲವಾಗುವುದು ಸಹಜ. ಮೊದಲು ಕೆಲವು ದಿನ ಸುಮ್ನೆ ಬಿಡಿ. ಸೇದಲು ಶುರುಮಾಡಿದ ಮೇಲೆ ಮರ ತೇವ ಹೀರಿ ತಾನೇ ಬಿಗಿಯಾಗಬಹುದು. ಆಮೇಲೂ ಸಡಿಲವಿದ್ದರೆ ಟೆನನ್‌ಗೆ ಜೇನುಮೇಣ ತೆಳ್ಳಗೆ ಸವರಿ. ತೀರಾ ಸಡಿಲವಾದ ವಲ್ಕನೈಟ್ ಟೆನನ್ ಆದರೆ ಬೆಚ್ಚಗೆ ಮಾಡಿ, ಗಾಳಿದಾರಿಗಿಂತ ಕೂದಲೆಳೆಯಷ್ಟು ದಪ್ಪದ ಡ್ರಿಲ್ ಬಿಟ್‌ನ ನುಣುಪು ತುದಿ ತೂರಿಸಿ ತಣಿಯಲು ಬಿಟ್ಟರೆ ಅದು ಹಿಗ್ಗಿದ ಹಾಗೇ ನಿಲ್ಲುತ್ತದೆ. ಬಿಗಿ ಜಾಸ್ತಿಯಾಗಿದ್ದರೆ ಟೆನನ್ ಕೆರೆಯಬೇಡಿ, ಮೆತ್ತನೆ ಪೆನ್ಸಿಲ್‌ನ ಸೀಸ ಉಜ್ಜಿ ತಿರುಗಿಸಿ.

ಹಂತ 10: ಮೇಣ, ಆಮೇಲೆ ಬಳಕೆ

ಹೊರಮೈಗೆ ಕಾರ್ನೌಬಾ ಮೇಣ. ಅದು ಸುಮಾರು 82 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗುವುದಿಲ್ಲ, ಅದಕ್ಕೇ ಪೈಪಿಗೆ ಒಗ್ಗುತ್ತದೆ. ಬಫಿಂಗ್ ಚಕ್ರ ಇದ್ದರೆ ಸರಿ, ಇಲ್ಲದಿದ್ದರೆ ಪೇಸ್ಟ್ ರೂಪದ್ದನ್ನು ಕೈಯಿಂದ ತೆಳ್ಳಗೆ ಹಚ್ಚಿ ಉಜ್ಜಿ. ಅಡುಗೆ ಎಣ್ಣೆ ಬೇಡ, ಕಮಟು ವಾಸನೆ ಬರುತ್ತದೆ. ಬೌಲ್ ಒಳಗೆ ಮೇಣ ಹೋಗಬಾರದು.

ಮೊದಲ ಕೆಲವು ಸಲ ಅರ್ಧ ಬೌಲ್ ಮಾತ್ರ ತುಂಬಿ, ನಿಧಾನ ಸೇದಿ, ತಳದವರೆಗೆ ಮುಗಿಸಿ. ಹೊಸ ಕೇಕ್ ಸಮವಾಗಿ ಕಟ್ಟುವುದು ಹಾಗೆಯೇ. ಬೌಲ್ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾದರೆ ಕೆಳಗಿಡಿ. ಪ್ರತಿ ಸಲ ಮುಗಿದ ಮೇಲೆ ಸ್ಟೆಮ್ ಬಿಚ್ಚದೆಯೇ ಕ್ಲೀನರ್ ತೂರಿಸಿ, ಒಂದು ದಿನವಾದರೂ ಒಣಗಲು ಬಿಡಿ. ಗಟ್ಟಿ ಜಾಗಕ್ಕೆ ಬಡಿದು ಬೂದಿ ಉದುರಿಸಬೇಡಿ.

ಮೀರ್‌ಶಾಮ್, ಜೋಳದ ದಿಂಡು

ಮೀರ್‌ಶಾಮ್ ಮೆತ್ತನೆಯ ಖನಿಜ. ಅದರಲ್ಲಿ ಕೇಕ್ ಕಟ್ಟಲೇಬಾರದು, ಪ್ರತಿ ಸಲವೂ ಬಟ್ಟೆಯಿಂದ ಒರೆಸಿ. ರೀಮರ್, ಆಲ್ಕೋಹಾಲ್ ಎರಡೂ ದೂರ ಇರಲಿ. ಬಿಳಿ ಹೋಗಿ ಹಳದಿ, ಆಮೇಲೆ ಕಂದು ಆಗುವುದು ಅದರ ಸೊಗಸು, ಯಾರೂ ಅದನ್ನು ಉಜ್ಜಿ ತೆಗೆಯುವುದಿಲ್ಲ. ಶ್ಯಾಂಕಿನೊಳಗೆ ತಿರುಪಿನಿಂದ ಕೂರಿಸಿದ ಜೋಡಣೆಗೆ ಸ್ಟೆಮನ್ನು ಬರೀ ಒತ್ತಿ ಸೇರಿಸುವ ಬಗೆಯಾದರೆ ಕೂರಿಸುವಾಗ, ಬಿಚ್ಚುವಾಗ ಎರಡೂ ಸಲ ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಿ, ಇಲ್ಲದಿದ್ದರೆ ಒಳಗಿನ ತಿರುಪೇ ಬಿಚ್ಚಿಕೊಳ್ಳುತ್ತದೆ.

ಜೋಳದ ದಿಂಡಿನ ಪೈಪಿಗೆ ಇಷ್ಟೆಲ್ಲ ಬೇಕಿಲ್ಲ. ಕ್ಲೀನರ್ ಹಾಕಿ, ಒಣಗಿಸಿ. ತಳ ಸುಟ್ಟರೆ ಇನ್ನೊಂದು ಕೊಳ್ಳಿ.